ದುಬಾರಿ ಕ್ಯಾಮೆರಾಕ್ಕೆ ಸುರಿದ ದುಡ್ಡು ಫೋಟೋದಲ್ಲಿ ಕಾಣುತ್ತಾ?

ತೆರೆದಕಣ್ಣು
ನಮಸ್ಕಾರ. ಒಂದು ತಿಂಗಳಿಂದ ತಲೆ ತಿನ್ತಿರೋ ಪ್ರಶ್ನೆ ಇದು. ನನ್ನ ಹತ್ರ ನಿಕಾನ್ ಡಿ5600 ಇದೆ, ಜೊತೆಗೆ ಬಂದ 18-55 ಕಿಟ್ ಲೆನ್ಸ್ ಬಿಟ್ರೆ ಬೇರೆ ಲೆನ್ಸ್ ಇಲ್ಲ. ಮಗಳು ನೃತ್ಯ ಕಲೀತಿದ್ದಾಳೆ. ಹೋದ ಕಾರ್ಯಕ್ರಮದಲ್ಲಿ ನಾನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಇಟ್ಕೊಳ್ಳೋ ಹಾಗಿದ್ದದ್ದು ಒಂಬತ್ತು. ಅವಳು ಎರಡೂ ಕೈ ಮೇಲೆತ್ತಿ ಗಿರ್ರನೆ ತಿರುಗೋ ಒಂದು ಘಳಿಗೆ ಇದೆ, ಅದೊಂದಕ್ಕೇ ಮೂರು ತಿಂಗಳು ಅಭ್ಯಾಸ ಮಾಡಿದ್ಳು. ನಾನು ತೆಗೆದ ಫೋಟೋದಲ್ಲಿ ಮುಖ ಇರಬೇಕಾದ ಕಡೆ ಹತ್ತಿ ಉಂಡೆ ಇಟ್ಟ ಹಾಗಿದೆ. ಅವಳು ನೋಡಿದಳು, ಏನೂ ಹೇಳಲಿಲ್ಲ, ಮುಂದಿನ ಫೋಟೋಕ್ಕೆ ಹೋದಳು. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಈಗ ಇದನ್ನ ಮಾರಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ, 24-70 ಎಫ್/2.8 ಲೆನ್ಸ್ ತಗೊಳ್ಳೋಣ ಅಂದ್ಕೊಂಡಿದ್ದೀನಿ. ಕೂಡಿಟ್ಟ ದುಡ್ಡಲ್ಲಿ ದೊಡ್ಡ ಪಾಲು ಹೋಗುತ್ತೆ. ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ, ಆದ್ರೆ ಅಷ್ಟು ಹಾಕಿದ ಮೇಲೂ ಹತ್ತಿ ಉಂಡೆನೇ ಬಂದ್ರೆ? ಅನುಭವ ಇದ್ದವರು ಬಿಚ್ಚು ಮನಸ್ಸಿಂದ ಹೇಳಿ.

ಶಟರ್‌ಸದ್ದು
ತಗೋಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ. ಫೋಟೋ ತೆಗೆಯೋದು ಕಣ್ಣು, ಕ್ಯಾಮೆರಾ ಅಲ್ಲ. 1944ರಲ್ಲಿ ಯುದ್ಧದ ಫೋಟೋಗ್ರಾಫರ್ ರಾಬರ್ಟ್ ಕಾಪಾ ನಾರ್ಮಂಡಿ ಕಡಲತೀರದಲ್ಲಿ ಸೈನಿಕರ ಜೊತೆ ನೀರಿಗಿಳಿದು ತೆಗೆದ ಫೋಟೋಗಳು ಬಹಳಷ್ಟು ಅಲುಗಿವೆ, ಮಸುಕಾಗಿವೆ. ಜಗತ್ತು ಇವತ್ತಿಗೂ ಅವನ್ನ ನೋಡ್ತಾ ಇದೆ.

ಎರಡುಕಾರ್ಡ್
ಶಟರ್‌ಸದ್ದು ಅವರೇ, ಗುಂಡು ಹಾರೋ ಜಾಗದಲ್ಲಿ ಅಲುಗಿದ ಫೋಟೋ ಆ ಭಯವನ್ನೇ ಹೇಳುತ್ತೆ. ಮೂರು ತಿಂಗಳು ಬೆವರು ಸುರಿಸಿ ಒಂದು ಭಂಗಿ ಕಲಿತ ಹುಡುಗಿಯ ಮುಖ ಮಸುಕಾದ್ರೆ ಅದು ಏನನ್ನ ಹೇಳುತ್ತೆ? ಎರಡೂ ಒಂದೇ ಅಲ್ಲ. ಕೆಲವು ಸಲ ನೆಲ ನಿಜವಾಗ್ಲೂ ಡೊಂಕಾಗೇ ಇರುತ್ತೆ. ಮೊದಲು ನೆಲ ನೋಡೋಣ, ಆಮೇಲೆ ಕುಣಿಯೋರನ್ನ ಬೈಯೋಣ.

ಗಾಜಿನಗೋಲ
ತೆರೆದಕಣ್ಣು ಸರ್, ಆ ಹತ್ತಿ ಉಂಡೆ ಫೋಟೋದ ವಿವರ ಹಾಕ್ತೀರಾ? ಶಟರ್ ಸ್ಪೀಡ್ (ಶಟರ್ ತೆರೆದಿರೋ ಹೊತ್ತು), ಅಪರ್ಚರ್ (ಲೆನ್ಸಿನ ಬಾಯಿ, ಎಫ್ ಸಂಖ್ಯೆ ಚಿಕ್ಕದಾದಷ್ಟು ಬಾಯಿ ದೊಡ್ಡದು), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಷ್ಟು ಎಂಎಂ (ಜೂಮ್ ಎಷ್ಟಿತ್ತು). ಕ್ಯಾಮೆರಾದಲ್ಲಿ ಫೋಟೋ ನೋಡೋವಾಗ ಮೇಲಿನ ಬಾಣದ ಬಟನ್ ಒತ್ತಿದ್ರೆ ಕಾಣುತ್ತೆ. ಕಾಣದಿದ್ರೆ ಪ್ಲೇಬ್ಯಾಕ್ ಮೆನುವಿನಲ್ಲಿ ಆ ಆಯ್ಕೆ ಆನ್ ಮಾಡಿ. ಇದು ಗೊತ್ತಾಗದೆ ಏನು ಹೇಳಿದ್ರೂ ನಾಡಿ ನೋಡದೆ ಔಷಧಿ ಕೊಟ್ಟ ಹಾಗೆ.

ಬರಿಗೈ
ನಾನಂತೂ ಕ್ಯಾಮೆರಾ ಮಾರಿ ಎರಡು ವರ್ಷ ಆಯ್ತು. ಫೋನ್ ಸಾಕು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದದ್ದು ಬೆನ್ ಲೋವಿ ಫೋನಲ್ಲಿ ತೆಗೆದ ಫೋಟೋ. ಹದಿಮೂರು ವರ್ಷಕ್ಕೂ ಹಿಂದಿನ ಫೋನಲ್ಲಿ ಮುಖಪುಟ ಬರೋದಾದ್ರೆ ಈಗಿನ ಫೋನಲ್ಲಿ ಮಗಳ ಡ್ಯಾನ್ಸ್ ಬರಲ್ವಾ?

ತೆರೆದಕಣ್ಣು
ಗಾಜಿನಗೋಲ ಅವರೇ, ನೋಡಿದೆ. 1/40, ಎಫ್/5.6, ಐಎಸ್ಒ 3200, 55 ಎಂಎಂ. ಮೋಡ್ ಅಪರ್ಚರ್ ಪ್ರಯಾರಿಟಿ ಇತ್ತು, ಅಂದ್ರೆ ಅಪರ್ಚರ್ ನಾನಿಟ್ಟದ್ದು, ಶಟರ್ ಸ್ಪೀಡ್ ಕ್ಯಾಮೆರಾನೇ ಆರಿಸಿದ್ದು. ನಾನು ಕೂತಿದ್ದು ವೇದಿಕೆಯಿಂದ ಸುಮಾರು 6 ಮೀಟರ್ ದೂರ.

ಬರಿಗೈ ಅವರೇ, ಪಕ್ಕದಲ್ಲಿದ್ದ ನನ್ನ ಹೆಂಡತಿ ಫೋನಲ್ಲೇ ತೆಗೆದಿದ್ಳು. ನಿಂತ ಭಂಗಿಗಳು ಚೆನ್ನಾಗಿ ಬಂದಿವೆ, ನನ್ನದಕ್ಕಿಂತ ಚೆನ್ನಾಗಿ. ಚಲನೆ ಇರೋವೆಲ್ಲ ಬಣ್ಣ ಕಲಸಿದ ಹಾಗಿವೆ.

ಗಾಜಿನಗೋಲ
ಸಿಕ್ಕಿತು. 1/40 ಅಂದ್ರೆ ಸೆಕೆಂಡಿನ ನಲವತ್ತನೇ ಒಂದು ಪಾಲು, ಶಟರ್ ತೆರೆದಿರೋ ಅಷ್ಟು ಹೊತ್ತಲ್ಲಿ ತಿರುಗೋ ನರ್ತಕಿಯ ಕೈ ಒಂದು ಗೇಣು ಸರಿದಿರುತ್ತೆ. ಎಷ್ಟೇ ದುಬಾರಿ ಕ್ಯಾಮೆರಾ ಇರಲಿ, 1/40ರಲ್ಲಿ ಅದೂ ಹತ್ತಿ ಉಂಡೆನೇ ಕೊಡುತ್ತೆ. ಲೆನ್ಸ್ ಮೇಲೆ ವಿಆರ್ ಅಂತ ಬರೆದಿರುತ್ತಲ್ಲ, ಅದು ನಿಮ್ಮ ಕೈ ನಡುಕವನ್ನ ತಡೆಯುತ್ತೆ, ಮಗಳ ಓಟವನ್ನ ತಡೆಯಲ್ಲ. ಬಹಳ ಜನ ಇಲ್ಲೇ ಮೋಸ ಹೋಗೋದು.

ನಿಮಗೆ ಬೇಕಾದದ್ದು 1/320, ಸಾಧ್ಯ ಆದ್ರೆ 1/500. ಕಿಟ್ ಲೆನ್ಸಿನ ಕಷ್ಟ ಏನಂದ್ರೆ 55 ಎಂಎಂಗೆ ಹೋದಾಗ ಅದರ ಬಾಯಿ ಎಫ್/5.6ಕ್ಕಿಂತ ದೊಡ್ಡದಾಗಿ ತೆರೆಯೋದೇ ಇಲ್ಲ. ಎಫ್/5.6ರಿಂದ ಎಫ್/2ಕ್ಕೆ ಮೂರು ಸ್ಟಾಪ್. ಅಂದ್ರೆ ಅದೇ ವೇದಿಕೆ, ಅದೇ ಐಎಸ್ಒ 3200, ಶಟರ್ ಮಾತ್ರ 1/40 ಇದ್ದದ್ದು 1/320 ಆಗುತ್ತೆ. ಇಷ್ಟನ್ನ ಒಂದು 50 ಎಂಎಂ ಎಫ್/1.8 ಲೆನ್ಸ್ ಮಾಡಿಕೊಡುತ್ತೆ. ಎಲ್ಲಾ ಕಂಪನಿಗಳ ಪಟ್ಟಿಯಲ್ಲೂ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು.

ಹೊಸಬ07
ಮಧ್ಯೆ ಬಾಯಿ ಹಾಕ್ತಿದ್ದೀನಿ, ಸ್ಟಾಪ್ ಅಂದ್ರೆ ಏನು ಸರ್?

ಗಾಜಿನಗೋಲ
ಬೆಳಕು ಎರಡರಷ್ಟಾದ್ರೆ ಒಂದು ಸ್ಟಾಪ್ ಹೆಚ್ಚು, ಅರ್ಧ ಆದ್ರೆ ಒಂದು ಸ್ಟಾಪ್ ಕಡಿಮೆ. ಅಪರ್ಚರಲ್ಲಿ 1.4, 2, 2.8, 4, 5.6, 8 ಹೀಗೆ ಒಂದೊಂದು ಹೆಜ್ಜೆಗೂ ಬೆಳಕು ಅರ್ಧ ಆಗ್ತಾ ಹೋಗುತ್ತೆ. ಮೂರು ಸ್ಟಾಪ್ ಅಂದ್ರೆ ಎಂಟು ಪಟ್ಟು.

ಹಕ್ಕಿಹಾದಿ
ಎಂತ ಮಾರಾಯ್ರೇ, ಎಲ್ಲರೂ ಸೇರಿ ದುಬಾರಿ ಲೆನ್ಸ್ ದಂಡ ಅಂತ ತೀರ್ಪು ಕೊಟ್ಟೇ ಬಿಟ್ರಾ? ನಾನು ಹಕ್ಕಿ ತೆಗೆಯುವವ. ನಮ್ಮ ಕಡೆ ಕತೆ ಬೇರೆ ಉಂಟು. 600 ಎಂಎಂ ಎಫ್/4 ಲೆನ್ಸಿನ ಬೆಳಕಿನ ಬಾಯಿ 150 ಮಿಲಿಮೀಟರ್, 600ನ್ನು 4ರಿಂದ ಭಾಗಿಸಿ ನೋಡಿ. ಎಫ್/6.3 ಆದರೆ 95. ಬೆಳಕಿನ ಲೆಕ್ಕದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ. ಹಕ್ಕಿ ಚುರುಕಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ, ಆಗ ಆ ಎರಡೂವರೆ ಪಟ್ಟೇ ಫೋಟೋ ಆಗುವುದಕ್ಕೂ ಆಗದೆ ಇರುವುದಕ್ಕೂ ನಡುವಿನ ಗೆರೆ. ಕಣ್ಣೊಂದಿದ್ದರೆ ಸಾಕು ಅಂತ ಹೇಳುವವರು ಒಂದು ಬೆಳಗಿನ ಜಾವ ನನ್ನ ಜೊತೆ ಮರೆಯಲ್ಲಿ ಕೂತು ಮಿಂಚುಳ್ಳಿ ನೀರಿಗೆ ಬೀಳುವುದನ್ನು ಕಿಟ್ ಲೆನ್ಸಲ್ಲಿ ತೆಗೆದು ತೋರಿಸಲಿ.

ಬೆಲೆ ಯಾಕೆ ಅಷ್ಟು ಅಂದ್ರೆ, 15 ಸೆಂಟಿಮೀಟರ್ ಅಗಲದ ಗಾಜನ್ನು ದೋಷ ಇಲ್ಲದೆ ಉಜ್ಜಿ ತೆಗೆಯಬೇಕಲ್ಲ. ಬಣ್ಣದ ಅಂಚು ಬರಬಾರದು ಅಂತ ಒಳಗೆ ಫ್ಲೋರೈಟ್ ಹರಳು ಹಾಕ್ತಾರೆ. ಅದು ಕ್ಯಾಲ್ಸಿಯಂ ಫ್ಲೋರೈಡ್, ಕುಲುಮೆಯಲ್ಲಿ ನಿಧಾನಕ್ಕೆ ಬೆಳೆಸಬೇಕು. ಕ್ಯಾನನ್ 1969ರಲ್ಲೇ ಫ್ಲೋರೈಟ್ ಹಾಕಿದ 300 ಎಂಎಂ ಲೆನ್ಸ್ ಮಾರಿತ್ತು. ಅಂಥದ್ದು ಅಗ್ಗಕ್ಕೆ ಬರುವುದಿಲ್ಲ ಆಯ್ತಾ.

ಶಟರ್‌ಸದ್ದು
ಹಕ್ಕಿ ವಿಷಯ ಒಪ್ತೀನಿ. ನೂರರಲ್ಲಿ ತೊಂಬತ್ತು ಜನ ಹಕ್ಕಿ ತೆಗೆಯಲ್ಲ ಅನ್ನೋದು ನನ್ನ ಮಾತು.

ಹಕ್ಕಿಹಾದಿ
ಹಾಗಾದ್ರೆ ಮೊದಲೇ ಹಾಗೆ ಹೇಳಬೇಕಿತ್ತಲ್ವಾ. ಕ್ಯಾಮೆರಾ ಮುಖ್ಯ ಅಲ್ಲ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಕಂಬ ಏರುವವನಿಗೆ ಹಗ್ಗ ಮುಖ್ಯ ಅಲ್ಲ ಅಂತ ಯಾರಾದ್ರೂ ಹೇಳ್ತಾರಾ?

ಹಳೆರೀಲು
ನೋಡ್ರಿ, ನಾ ಮೂವತ್ತು ವರ್ಷ ಫಿಲ್ಮಿನಾಗ ಕೆಲಸ ಮಾಡೀನಿ. ಕಣ್ಣು ದೊಡ್ಡದೋ ಕ್ಯಾಮೆರಾ ದೊಡ್ಡದೋ ಅಂತ ಜಗಳ ಆಡೋರಿಗೆ ಒಂದು ಮಾತು ಹೇಳ್ತೀನಿ. 1941ರಾಗ ಅಮೆರಿಕದ ಫೋಟೋಗ್ರಾಫರ್ ಅನ್ಸೆಲ್ ಆಡಮ್ಸ್ ಸಂಜಿ ಹೊತ್ತಿನಾಗ ಕಾರಿನಾಗ ಹೊಂಟಿದ್ದ. ನ್ಯೂ ಮೆಕ್ಸಿಕೋದ ಒಂದು ಸಣ್ಣ ಹಳ್ಳಿ ಮ್ಯಾಲ ಚಂದ್ರ ಎದ್ದಿತ್ತು, ಕೆಳಗ ಸ್ಮಶಾನದ ಶಿಲುಬಿ ಮ್ಯಾಲ ಇಳಿಬಿಸಿಲು ಬಿದ್ದಿತ್ತು. ಗಡಿಬಿಡಿಯಿಂದ ಕಾರು ನಿಲ್ಲಿಸಿ 8x10 ಅಂಗುಲದ ದೊಡ್ಡ ಕ್ಯಾಮೆರಾ ಹೂಡಿದ. ಬೆಳಕು ಅಳಿಯೋ ಲೈಟ್ ಮೀಟರ್ ಹುಡುಕಿದ್ರ ಸಿಗಲಿಲ್ಲ. ಬಿಸಿಲು ಇಳೀಲಿಕ್ಕತ್ತಿತ್ತು. ಚಂದ್ರನ ಬೆಳಕು ಚದರಡಿಗೆ 250 ಕ್ಯಾಂಡಲ್ ಅನ್ನೋದು ಅವನ ತಲಿಯೊಳಗ ಇತ್ತು, ಅದರ ಮ್ಯಾಲೆ ಲೆಕ್ಕ ಹಾಕಿ ಒಂದು ಎಕ್ಸ್‌ಪೋಜರ್ ಕೊಟ್ಟ. ಎರಡನೇದು ತಗೀಬೇಕು ಅನ್ನೋದ್ರಾಗ ಶಿಲುಬಿ ಮ್ಯಾಲಿನ ಬಿಸಿಲು ಹೋಗೇ ಬಿಡ್ತು.

ಈಗ ಹೇಳ್ರಿ, ಆ ಫೋಟೋ ತಗದದ್ದು ಕ್ಯಾಮೆರಾನೋ ತಲಿನೋ? ಆ ದೊಡ್ಡ ನೆಗೆಟಿವ್ ಇಲ್ಲದಿದ್ರ ಅಷ್ಟು ನವಿರು ಬರ್ತಿರಲಿಲ್ಲ. 250 ಅನ್ನೋ ಸಂಖ್ಯೆ ಬಾಯಿಪಾಠ ಇಲ್ಲದಿದ್ರ ಆ ದೊಡ್ಡ ಕ್ಯಾಮೆರಾ ಬರೇ ಹೆಣಭಾರ. ಎರಡೂ ಬೇಕ್ರಿ.

ಬರಿಗೈ
ಎಂಥಾ ಕತೆ ಸರ್! ಮೈ ಝುಮ್ಮಂತು.

ಮೂರುಕಾಲು
ತೆರೆದಕಣ್ಣು ಅವರಿಗೆ ಒಂದು ಪ್ರಶ್ನೆ. ಆ ಫೋಟೋದಲ್ಲಿ ಮುಖ ಬಿಳಿಚಿಕೊಂಡಿದೆಯಾ?

ತೆರೆದಕಣ್ಣು
ಹೌದು! ಹಣೆ, ಕೆನ್ನೆ ಎಲ್ಲಾ ಬಿಳಿ. ಹೇಗೆ ಗೊತ್ತಾಯ್ತು?

ಮೂರುಕಾಲು
ವೇದಿಕೆಯ ಹಿಂದಿನ ಪರದೆ ಕಪ್ಪಾಗಿರುತ್ತೆ. ಮೀಟರ್ ಇಡೀ ಚೌಕಟ್ಟನ್ನ ನೋಡಿ "ಅಯ್ಯೋ ಕತ್ತಲು" ಅಂತ ಶಟರನ್ನ ನಿಧಾನ ಮಾಡಿಬಿಡುತ್ತೆ. ನರ್ತಕಿಯ ಮೇಲೆ ಬಿದ್ದಿರೋ ಬೆಳಕು ಬೇಕಾದಷ್ಟಿರುತ್ತೆ, ಆದ್ರೆ ಕ್ಯಾಮೆರಾ ಅಳೆಯೋದು ಪರದೆಯನ್ನ. ಹಾಗಾಗಿ ಮುಖ ಬಿಳಿಚಿತು, ಜೊತೆಗೆ ಅಲುಗಿತು. ಒಂದೇ ತಪ್ಪಿಗೆ ಎರಡು ಏಟು. ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನ ಮಾತ್ರ ಅಳೆಯೋದು) ಹಾಕಿ, ಇಲ್ಲಾಂದ್ರೆ ಮ್ಯಾನುಯಲಲ್ಲಿ ಎಲ್ಲಾ ಕೈಯಲ್ಲೇ ಇಟ್ಟು ಮೊದಲ ಎರಡು ನಿಮಿಷದಲ್ಲಿ ಸರಿ ಮಾಡ್ಕೊಳ್ಳಿ. ಏನೂ ಖರ್ಚಿಲ್ಲದೆ ಸುಮಾರು ಒಂದು ಸ್ಟಾಪ್ ಕೈಗೆ ಬಂತು.

ಗಾಜಿನಗೋಲ
ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಒಳ್ಳೇ ಜಾಗ ಹಿಡಿದ್ರಿ. ಹಾಗಾದ್ರೆ ಎಫ್/2ರಲ್ಲಿ 1/500 ಆರಾಮವಾಗಿ ಸಿಗುತ್ತೆ, ಐಎಸ್ಒ ಏರಿಸೋದೇ ಬೇಡ.

ಅಂಚುಗಣ್ಣು
ಆದ್ರೂ ಫುಲ್ ಫ್ರೇಮ್ ಫುಲ್ ಫ್ರೇಮೇ. ನಾನು ಹೋದ ವರ್ಷ ಬದಲಾಯಿಸಿದೆ, ನಾಯ್ಸ್ (ಮಬ್ಬು ಬೆಳಕಲ್ಲಿ ಫೋಟೋ ಮೇಲೆ ಬರೋ ಮರಳಿನಂಥ ಚುಕ್ಕಿ) ವಿಷಯದಲ್ಲಿ ನಿಮ್ಮದರಂಥ ಚಿಕ್ಕ ಕ್ರಾಪ್ ಸೆನ್ಸರ್ ಹತ್ತಿರಕ್ಕೂ ಬರಲ್ಲ. 24-70 ಎಫ್/2.8 ತಗೊಂಡ್ರೆ ಜೀವನ ಪೂರ್ತಿ ನೆಮ್ಮದಿ.

ಗಾಜಿನಗೋಲ
ಫುಲ್ ಫ್ರೇಮ್ ಸೆನ್ಸರ್ 36x24 ಮಿಲಿಮೀಟರ್, ನಿಕಾನ್ ಕ್ರಾಪ್ 23.5x15.6. ವಿಸ್ತೀರ್ಣದಲ್ಲಿ ಎರಡು ಕಾಲು ಪಟ್ಟಿಗೂ ಸ್ವಲ್ಪ ಹೆಚ್ಚು, ಅಂದ್ರೆ ಒಂದು ಸ್ಟಾಪಿಗೆ ಚೂರು ಮೇಲೆ. ಆ ಲಾಭ ನಿಜ. ಆದ್ರೆ ಕ್ರಾಪ್ ಬಾಡಿ ಮೇಲೆ 50 ಎಂಎಂ ಎಫ್/1.8 ಹಾಕಿದ್ರೆ, ನೋಟದ ಅಗಲ, ಹಿನ್ನೆಲೆ ಮಸುಕು, ಸೆನ್ಸರಿಗೆ ಬೀಳೋ ಒಟ್ಟು ಬೆಳಕು ಎಲ್ಲಾ ಸೇರಿ ಫುಲ್ ಫ್ರೇಮಲ್ಲಿ 75 ಎಂಎಂ ಎಫ್/2.7 ಇದ್ದ ಹಾಗೆ. ಅಂದ್ರೆ ತೆರೆದಕಣ್ಣು ಸರ್ ಕೂಡಿಟ್ಟ ದುಡ್ಡು ಸುರಿದು ತರಬೇಕು ಅಂದ್ಕೊಂಡಿರೋದನ್ನ, ಈ ಒಂದು ಕೆಲಸಕ್ಕೆ, ಒಂದು ಸಣ್ಣ ಪ್ರೈಮ್ ಲೆನ್ಸ್ (ಜೂಮ್ ಆಗದ್ದು) ಕೊಡುತ್ತೆ.

ಅಂಚುಗಣ್ಣು
ತಪ್ಪು. ಎಫ್/1.8 ಎಲ್ಲಿ ಹಾಕಿದ್ರೂ ಎಫ್/1.8ಏ. ಲೈಟ್ ಮೀಟರಿಗೆ ಸೆನ್ಸರ್ ಅಳತೆ ಗೊತ್ತಿರಲ್ಲ.

ಗಾಜಿನಗೋಲ
ಎಕ್ಸ್‌ಪೋಜರಿಗೆ ನೀವು ಹೇಳಿದ್ದು ಸರಿ, ಅಲ್ಲಿ ಅದು ಎಫ್/1.8ಏ. ಶಟರ್ ಸ್ಪೀಡ್ ಲೆಕ್ಕ ಅದರಿಂದಲೇ ಹಾಕಬೇಕು. ನಾನು ಹೇಳ್ತಿರೋದು ನಾಯ್ಸ್ ವಿಷಯ. ಎರಡು ಹೊಲಕ್ಕೆ ಒಂದೇ ಮಳೆ ಬಿದ್ರೂ ದೊಡ್ಡ ಹೊಲಕ್ಕೆ ಬಿದ್ದ ನೀರು ಹೆಚ್ಚು ತಾನೇ? ಫುಲ್ ಫ್ರೇಮ್ ದೊಡ್ಡ ಹೊಲ. ಎಫ್/2.8 ಜೂಮಲ್ಲಿ ಮಳೆ ಕಡಿಮೆ, ಹೊಲ ದೊಡ್ಡದು. ಎಫ್/1.8 ಪ್ರೈಮಲ್ಲಿ ಮಳೆ ಜಾಸ್ತಿ, ಹೊಲ ಚಿಕ್ಕದು. ಕೊನೆಗೆ ಕೊಯ್ಲು ಹೆಚ್ಚು ಕಡಿಮೆ ಸಮ.

ಅಂಚುಗಣ್ಣು
ಈ ತರ ಯೋಚನೆ ಮಾಡಿರಲಿಲ್ಲ. ಆದ್ರೆ ಜೂಮಿಗೆ ಜೂಮಿನ ಅನುಕೂಲ ಇದೆ. ನರ್ತಕಿ ಮುಂದೆ ಬಂದ್ರೆ ಪ್ರೈಮಲ್ಲಿ ಕಾಲು ಕತ್ತರಿಸಿ ಹೋಗುತ್ತೆ.

ಗಾಜಿನಗೋಲ
ಅದು ನಿಜ, ಒಪ್ಪಿದೆ. 6 ಮೀಟರ್ ದೂರಕ್ಕೆ 50 ಎಂಎಂ ನಿಲ್ಲಿಸಿ ಹಿಡಿದ್ರೆ ಎತ್ತರ 2.8 ಮೀಟರ್, ಅಗಲ 1.9 ಮೀಟರ್ ಸಿಗುತ್ತೆ. ಕೈ ಎತ್ತಿದ ನರ್ತಕಿ ಒಬ್ಬಳೇ ಇದ್ರೆ ಹಿಡಿಸುತ್ತೆ. ಗುಂಪು ನೃತ್ಯಕ್ಕೆ ಕಷ್ಟ.

ಕಿರುತೆರವು
50 ಎಂಎಂ ತಗೊಳ್ಳೋದಾದ್ರೆ ಹಳೇ ಎಎಫ್ 50 ಎಫ್/1.8 ಡಿ ತಗೊಳ್ಳಿ, ಸೆಕೆಂಡ್ ಹ್ಯಾಂಡಲ್ಲಿ ಇನ್ನೂ ಅಗ್ಗ. ಗಾಜು ಚೆನ್ನಾಗಿದೆ. ನಿಕಾನ್ ಎಫ್ ಮೌಂಟ್ 1959ರಿಂದ ಇದೆ, ಹಳೇದು ಹೊಸದು ಎಲ್ಲಾ ಕೂರುತ್ತೆ.

ಮೂರುಕಾಲು
ದಯವಿಟ್ಟು ಬೇಡ! ಕೂರೋದೇನೋ ಕೂರುತ್ತೆ, ಆದ್ರೆ ಡಿ ಲೆನ್ಸಿನೊಳಗೆ ಮೋಟಾರ್ ಇಲ್ಲ. ಬಾಡಿಯ ಮೋಟಾರ್ ಅದನ್ನ ತಿರುಗಿಸಬೇಕು, ಡಿ5600ರಲ್ಲಿ ಆ ಮೋಟಾರೇ ಇಲ್ಲ. ಫೋಕಸ್ ಕೈಯಲ್ಲೇ ಮಾಡಬೇಕಾಗುತ್ತೆ, ತಿರುಗೋ ಹುಡುಗಿಗೆ ಅದು ಆಗದ ಮಾತು. ಎಎಫ್-ಎಸ್ 50 ಎಫ್/1.8 ಜಿ ತಗೊಳ್ಳಿ, 2011ರಲ್ಲಿ ಬಂದದ್ದು, 185 ಗ್ರಾಂ ಅಷ್ಟೇ. ಇನ್ನೂ ಎಲ್ಲಾ ಹಳೇ ಲೆನ್ಸ್ ಎಲ್ಲಾ ಬಾಡಿಗೂ ಕೂರಲ್ಲ, 1977ಕ್ಕಿಂತ ಮುಂಚಿನವು ಕೆಲವು ಬಾಡಿಯನ್ನೇ ಹಾಳು ಮಾಡ್ತವೆ.

ಕಿರುತೆರವು
ಓ, ನನ್ನದು ಡಿ7000 ಸರಣಿ, ಮೋಟಾರ್ ಇರೋದ್ರಿಂದ ಗಮನಕ್ಕೆ ಬರಲಿಲ್ಲ. ತಿದ್ದಿದ್ದಕ್ಕೆ ಧನ್ಯವಾದ. ತೆರೆದಕಣ್ಣು ಅವರೇ, ನನ್ನ ಮಾತು ಬಿಟ್ಟು ಇವರದ್ದು ಕೇಳಿ.

ಎರಡುಕಾರ್ಡ್
ನಾನು ಮದುವೆ, ಸಮಾರಂಭ ತೆಗೆದೇ ಹೊಟ್ಟೆ ಹೊರೆಯೋಳು. ದುಬಾರಿ ಬಾಡಿ ಯಾಕೆ ಅಂತ ಕೇಳೋರಿಗೆ ನಾನು ಫೋಟೋ ಗುಣಮಟ್ಟದ ಬಗ್ಗೆ ಮಾತಾಡೋದೇ ಇಲ್ಲ. ವೃತ್ತಿ ಶುರು ಮಾಡಿ ಮೂರನೇ ವರ್ಷ, ಒಂದು ಮದುವೆ. ನನ್ನ ಕ್ಯಾಮೆರಾದಲ್ಲಿ ಒಂದೇ ಕಾರ್ಡ್ ಹಾಕೋ ಜಾಗ. ಮಧ್ಯಾಹ್ನದ ಹೊತ್ತಿಗೆ ಪರದೆ ಮೇಲೆ ಕಾರ್ಡ್ ಎರರ್ ಅಂತ ಬಂತು. ತೆಗೆದು, ಒರೆಸಿ, ಮತ್ತೆ ಹಾಕಿದೆ. ಖಾಲಿ. ಬೆಳಗಿನ ಮೂರು ಗಂಟೆಯ ಫೋಟೋ ಖಾಲಿ. ರಿಕವರಿ ಮಾಡಿಸಿದ್ದಕ್ಕೆ ನಲವತ್ತು ಚಿಲ್ಲರೆ ಸಿಕ್ಕವು, ಅದರಲ್ಲೂ ಅರ್ಧಕ್ಕೆ ಕೆಳಭಾಗ ಬೂದು ಪಟ್ಟಿ. ಆ ಹುಡುಗಿಯ ಅಜ್ಜಿ ಮೂರು ತಿಂಗಳ ನಂತರ ತೀರಿಕೊಂಡ್ರು. ಅಜ್ಜಿ ಮೊಮ್ಮಗಳ ತಲೆ ಮೇಲೆ ಕೈ ಇಟ್ಟ ಫೋಟೋ ಆ ಕಾರ್ಡಲ್ಲಿತ್ತು, ನನಗೆ ನೆನಪಿದೆ, ಕಿಟಕಿ ಬೆಳಕು ಬೆರಳುಗಳ ಮೇಲೆ ಬಿದ್ದಿತ್ತು. ನಾನು ಅದನ್ನ ಯಾವ ದುಡ್ಡು ಕೊಟ್ಟು ವಾಪಸ್ ತರಲಿ?

ಅವತ್ತಿಂದ ಎರಡು ಕಾರ್ಡ್ ಹಾಕೋ ಬಾಡಿ, ಅಂಥವು ಎರಡು. ಅದು ನನ್ನ ಪಾಲಿಗೆ ದುಬಾರಿ ಅಲ್ಲ.

ಹಳೆರೀಲು
ಅವ್ವಾ, ಓದಿ ಕಣ್ಣು ತುಂಬಿತು. ನಮ್ಮ ಕಾಲದಾಗ ರೀಲ್ ಸರಿಯಾಗಿ ಸಿಕ್ಕದ ಹಂಗ ಸುಮ್ಮನ ತಿರುಗತಿತ್ತು, 36 ಫೋಟೋ ತಗದೀನಿ ಅನಕೊಂಡು ಮನಿಗೆ ಹೋದ್ರ ಒಂದೂ ಇರತಿರಲಿಲ್ಲ. ಆ ಸಂಕಟ ನನಗ ಗೊತ್ತೈತಿ.

ಶಟರ್‌ಸದ್ದು
ಎರಡುಕಾರ್ಡ್ ಅಕ್ಕಾ, ನನ್ನ ಮೊದಲ ಮಾತು ವಾಪಸ್ ತಗೋತೀನಿ. ಹವ್ಯಾಸಿಗಳನ್ನ ಮನಸಲ್ಲಿ ಇಟ್ಕೊಂಡು ಹೇಳಿದ್ದೆ, ದುಡಿಯೋರ ಪಾಡು ಬೇರೆ.

ಎರಡುಕಾರ್ಡ್
ಪರವಾಗಿಲ್ಲ ತಮ್ಮಾ. ಆದ್ರೆ ದುಡಿಯೋರೂ ಕುರುಡಾಗಿ ತಗೋಬಾರದು. ನಾನು ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಂಡಾಗ ಶಬ್ದ ಬರಬಾರದು ಅಂತ ಒಂದು ವೇದಿಕೆ ಕಾರ್ಯಕ್ರಮ ಪೂರ್ತಿ ಎಲೆಕ್ಟ್ರಾನಿಕ್ ಶಟರಲ್ಲಿ ತೆಗೆದೆ. ಎಲ್‌ಇಡಿ ದೀಪ ಕಣ್ಣಿಗೆ ಕಾಣದ ಹಾಗೆ ಮಿನುಗ್ತಾ ಇರುತ್ತೆ. ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದೋದ್ರಿಂದ ಪ್ರತಿ ಫೋಟೋದಲ್ಲೂ ಅಡ್ಡ ಪಟ್ಟೆ. ಕಿಟ್ ಲೆನ್ಸ್ ಹಾಕಿದ ಹಳೇ ಕ್ಯಾಮೆರಾದಲ್ಲಿ ಅಷ್ಟು ಪಟ್ಟೆ ಬರ್ತಿರಲಿಲ್ಲ, ಅದರದ್ದು ಮೆಕ್ಯಾನಿಕಲ್ ಶಟರ್. 2023ರಲ್ಲಿ ಸೋನಿ ಎ9 III ಬಂತಲ್ಲ, ಗ್ಲೋಬಲ್ ಶಟರ್ ಇರೋ ಮೊದಲ ಫುಲ್ ಫ್ರೇಮ್ ಮಿರರ್‌ಲೆಸ್, ಅದು ಎಲ್ಲಾ ಸಾಲನ್ನೂ ಒಟ್ಟಿಗೇ ಓದೋದ್ರಿಂದ ಆ ಪಟ್ಟೆ ಬರಲ್ಲ. ಆದ್ರೆ ಅದೊಂದಕ್ಕಾಗಿ ಅಷ್ಟು ಕೊಡ್ತೀನಾ? ಇಲ್ಲ. ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿದೆ, ಮುಗೀತು.

ಇನ್ನೊಂದು, ಯಾವುದೇ ದೊಡ್ಡ ಲೆನ್ಸ್ ಕೊಳ್ಳೋ ಮುಂಚೆ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. 70-200 ಎಫ್/2.8 ಹಳೇ ಡಿಎಸ್‌ಎಲ್‌ಆರ್ ಕಾಲದ್ದು ಒಂದೂವರೆ ಕೆಜಿ ತೂಗುತ್ತೆ, ಬಾಡಿ ಬೇರೆ. ಹತ್ತು ಗಂಟೆ ಹೊತ್ತ ಮೇಲೆ ಮಣಿಕಟ್ಟು ಏನು ಹೇಳುತ್ತೆ ಅಂತ ಅಂಗಡಿಯಲ್ಲಿ ಐದು ನಿಮಿಷ ಹಿಡಿದ್ರೆ ಗೊತ್ತಾಗಲ್ಲ.

ಹಕ್ಕಿಹಾದಿ
600 ಎಫ್/4 ಈಗಿನ ಹಗುರದ್ದೇ 3 ಕೆಜಿ ಉಂಟು. ನಾನೂ ಮೊದಲು ಬಾಡಿಗೆಗೆ ತಂದೇ ನೋಡಿದ್ದು. ಆ ಸಲಹೆ ಚಿನ್ನದಂಥದ್ದು.

ಬರಿಗೈ
ಭಾರದ ವಿಷಯ ಬಂತಲ್ಲ, ಅದಕ್ಕೇ ನಾನು ಫೋನ್ ಅಂದದ್ದು. ಪ್ರವಾಸಕ್ಕೆ ಹೋದಾಗ ಕ್ಯಾಮೆರಾ ಚೀಲ ರೂಮಲ್ಲೇ ಉಳೀತಿತ್ತು. ರೂಮಲ್ಲಿರೋ ದುಬಾರಿ ಕ್ಯಾಮೆರಾ ಏನನ್ನೂ ತೆಗೆಯಲ್ಲ. ಇನ್‌ಸ್ಟಾಗ್ರಾಮಲ್ಲಿ ಹಾಕೋದು 1080x1350 ಪಿಕ್ಸೆಲ್, ಒಂದೂವರೆ ಮೆಗಾಪಿಕ್ಸೆಲ್ ಕೂಡ ಇಲ್ಲ. 45 ಮೆಗಾಪಿಕ್ಸೆಲ್ ಹೊತ್ತುಕೊಂಡು ಹೋಗಿ ಏನು ಮಾಡಲಿ?

ಮೂರುಕಾಲು
ಗೋಡೆ ಮೇಲೆ ಹಾಕೋರಿಗೂ 24 ಮೆಗಾಪಿಕ್ಸೆಲ್ ಧಾರಾಳ. 6000x4000 ಪಿಕ್ಸೆಲ್, ಅಂಗುಲಕ್ಕೆ 300ರಂತೆ ಮುದ್ರಿಸಿದ್ರೆ 20 ಅಂಗುಲ ಅಗಲ. ಎರಡು ಹೆಜ್ಜೆ ಹಿಂದೆ ನಿಂತು ನೋಡೋದಾದ್ರೆ 40 ಅಂಗುಲಕ್ಕೂ ನಡೆಯುತ್ತೆ. 2007ರಲ್ಲಿ ನಿಕಾನಿನ ಅತಿ ದುಬಾರಿ ಬಾಡಿ ಡಿ3, ಅದಕ್ಕಿದ್ದದ್ದು 12 ಮೆಗಾಪಿಕ್ಸೆಲ್. ಅವತ್ತಿನ ಎಷ್ಟೋ ಪತ್ರಿಕೆ, ಒಲಿಂಪಿಕ್ಸ್ ಫೋಟೋಗಳು ಅದರಲ್ಲೇ ತೆಗೆದವು.

ಹೊಸಬ07
ಹಾಗಾದ್ರೆ ಎಫ್/1.8ಕ್ಕಿಂತ ಎಫ್/1.4 ಇನ್ನೂ ಒಳ್ಳೇದಲ್ವಾ? ಎಫ್/1.2 ಕೂಡ ಇದೆಯಂತೆ.

ಗಾಜಿನಗೋಲ
1.8ರಿಂದ 1.4ಕ್ಕೆ ಮೂರನೇ ಎರಡು ಸ್ಟಾಪ್, 1.2ಕ್ಕೆ ಒಂದು ಸ್ಟಾಪಿಗೆ ಚೂರು ಹೆಚ್ಚು. ಬೆಲೆ, ತೂಕ ಮಾತ್ರ ಹಲವು ಪಟ್ಟು. ಕಿಟ್ ಲೆನ್ಸಿಂದ 1.8ಕ್ಕೆ ಬಂದಾಗ ಮೂರು ಸ್ಟಾಪಿಗೂ ಮೇಲೆ ಸಿಕ್ಕಿತ್ತು, ಅಲ್ಲಿಂದ ಮುಂದೆ ಪ್ರತಿ ಚೂರಿಗೂ ಬೆವರಬೇಕು. ಅಂಚಿನವರೆಗೂ ಚೂಪು, ಎದುರು ಬೆಳಕಿಗೆ ತಡೆದುಕೊಳ್ಳೋ ಶಕ್ತಿ ಇವೆಲ್ಲ ಸೇರಿರುತ್ತೆ, ಸುಳ್ಳಲ್ಲ. ಯಾರಿಗೆ ಆ ಚೂರೇ ಬೇಕೋ ಅವರು ಕೊಡಲಿ.

ಅಂಚುಗಣ್ಣು
ವಿಷಯ ಬಿಟ್ಟು ಒಂದು ಮಾತು. ನನ್ನ ಹಳೇ 85 ಎಂಎಂ ಲೆನ್ಸೊಳಗೆ ಜೇಡರ ಬಲೆ ಥರ ಬಿಳಿ ಎಳೆ ಕಾಣ್ತಿದೆ. ಏನಿದು?

ಹಳೆರೀಲು
ಫಂಗಸ್ರಿ ಅದು. ಚರ್ಮದ ಕವರಿನಾಗ ಹಾಕಿ ಕಪಾಟಿನಾಗ ಇಟ್ಟಿದ್ರೇನು? ಚರ್ಮ ತೇವ ಹೀರ್ಕೋತೈತಿ. ಗಾಳಿಯ ತೇವಾಂಶ 40ರಿಂದ 50 ಶೇಕಡಾ ಇರೋ ಡ್ರೈ ಕ್ಯಾಬಿನೆಟ್, ಇಲ್ಲಂದ್ರ ಗಾಳಿ ಹೋಗದ ಡಬ್ಬಿಯೊಳಗ ಸಿಲಿಕಾ ಜೆಲ್. ಎಲ್ಲಕ್ಕಿಂತ ಛಲೋ ಉಪಾಯ ಅಂದ್ರ ವಾರಕ್ಕೊಮ್ಮೆ ಹೊರಗ ತಗದು ಬಳಸ್ರಿ. ಎಳಿ ಸಣ್ಣದಿದ್ರ ಬಿಚ್ಚಿಸಿ ಒರಸಬಹುದು, ಕೋಟಿಂಗ್ ತಿಂದಿದ್ರ ಕಲಿ ಉಳೀತಾವ. ಬ್ಯಾರೆ ಲೆನ್ಸಿನ ಬಾಜೂಕ ಇಡಬ್ಯಾಡ್ರಿ.

ಮೂರುಕಾಲು
ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನೇ ನೋಡಬೇಕು. ಲೆನ್ಸಿನ ಹಿಂದಿಂದ ಟಾರ್ಚ್ ಹಾಕಿ ಮುಂದಿಂದ ಇಣುಕಿ. ಅಪರ್ಚರ್ ಎಸಳುಗಳ ಮೇಲೆ ಎಣ್ಣೆ ಜಿಡ್ಡು ಇದ್ಯಾ ನೋಡಿ. ಬಾಡಿ ಆದ್ರೆ ಶಟರ್ ಎಷ್ಟು ಸಲ ಬಡಿದಿದೆ ಅಂತ ಕೇಳಿ.

ತೆರೆದಕಣ್ಣು
ಎಲ್ಲರಿಗೂ ಮನಸಾರೆ ಧನ್ಯವಾದ. ಆಫೀಸಲ್ಲಿ ಒಬ್ಬರ ಹತ್ರ 50 ಎಫ್/1.8 ಜಿ ಇದೆಯಂತೆ, ಕೊಡ್ತೀನಿ ಅಂದಿದ್ದಾರೆ. ಶನಿವಾರ ಮಗಳದ್ದು ರಿಹರ್ಸಲ್, ಅದೇ ವೇದಿಕೆ, ಅದೇ ದೀಪ. ಅಲ್ಲಿವರೆಗೆ ಏನೂ ಕೊಳ್ಳಲ್ಲ.

ಗಾಜಿನಗೋಲ
ಮ್ಯಾನುಯಲ್, ಎಫ್/2, 1/500, ಐಎಸ್ಒ 3200ರಿಂದ ಶುರು ಮಾಡಿ. ಫೋಕಸ್ ಎಎಫ್-ಸಿ (ಚಲಿಸೋದನ್ನ ಹಿಂಬಾಲಿಸೋ ಫೋಕಸ್), ನಡುವಿನ ಪಾಯಿಂಟ್. ಆ ಕ್ಯಾಮೆರಾದ 39 ಪಾಯಿಂಟಲ್ಲಿ ನಡುವಿನ 9 ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯೋವು), ಮಬ್ಬಲ್ಲಿ ಅವೇ ಗಟ್ಟಿ. 6 ಮೀಟರಿಗೆ ಎಫ್/2ರಲ್ಲಿ ಸುಮಾರು ಒಂದು ಮೀಟರ್ ಆಳ ಚೂಪಾಗಿರುತ್ತೆ, ಹೆದರಬೇಡಿ. ರಾ ಫೈಲಲ್ಲಿ (ಸೆನ್ಸರ್ ಕೊಟ್ಟ ಮಾಹಿತಿ ಹಾಗೇ ಉಳಿಯೋ ಫೈಲ್) ತೆಗೀರಿ. ನಾಯ್ಸನ್ನ ಆಮೇಲೆ ಸಾಫ್ಟ್‌ವೇರಲ್ಲಿ ತಗ್ಗಿಸಬಹುದು, ಅಲುಗಿದ್ದನ್ನ ನೆಟ್ಟಗೆ ಮಾಡೋಕಾಗಲ್ಲ.

ತೆರೆದಕಣ್ಣು
ಶನಿವಾರದ ವರದಿ. ಒಟ್ಟು 212 ಫೋಟೋ, ಇಟ್ಕೊಳ್ಳೋ ಹಾಗಿರೋದು 61. ಗಾಜಿನಗೋಲ ಅವರು ಹೇಳಿದ ಅಂಕಿಗಳನ್ನೇ ಹಾಕಿದ್ದೆ, ಕೆಂಪು ದೀಪ ಬಂದಾಗ ಮಾತ್ರ 1/320ಕ್ಕೆ ಇಳಿಸಿದೆ. ಫೋಕಸ್ ತಪ್ಪಿ ಹಿಂದಿನ ಪರದೆಯ ನೆರಿಗೆ ಚೂಪಾದದ್ದು ಇಪ್ಪತ್ತರ ಹತ್ತಿರ ಇವೆ. ಅಂಚುಗಣ್ಣು ಹೇಳಿದ ಹಾಗೆ ಅವಳು ಮುಂದೆ ಬಂದಾಗ ಪಾದ ಕತ್ತರಿಸಿ ಹೋಗಿವೆ. ಆದ್ರೆ ತಿರುಗೋ ಆ ಘಳಿಗೆ ಸಿಕ್ಕಿದೆ. ಬೆರಳ ತುದಿ ಒಂದಿಷ್ಟು ಅಲುಗಿದೆ, ಕಣ್ಣು ಚೂಪಾಗಿದೆ, ಬೆವರಿಗೆ ಹಣೆಗಂಟಿದ ಕೂದಲೆಳೆ ಎಣಿಸಬಹುದು.

ರಾತ್ರಿ ಅವಳಿಗೆ ತೋರಿಸಿದೆ. ಈ ಸಲ ಮುಂದಿನ ಫೋಟೋಕ್ಕೆ ಹೋಗಲಿಲ್ಲ. ದೊಡ್ಡದು ಮಾಡು ಅಂದಳು, ಇನ್ನೂ ದೊಡ್ಡದು ಅಂದಳು. ಆಮೇಲೆ "ಅಪ್ಪಾ, ನನ್ನ ಎಡ ಮೊಣಕೈ ಕೆಳಗೆ ಬಿದ್ದಿದೆ, ಟೀಚರ್ ಹೇಳ್ತಾನೇ ಇದ್ರು, ನಂಗೆ ಗೊತ್ತೇ ಆಗ್ತಿರಲಿಲ್ಲ" ಅಂತ ಎದ್ದು ಹೋಗಿ ಕನ್ನಡಿ ಮುಂದೆ ನಿಂತಳು.

50 ಎಂಎಂ ತಗೋತೀನಿ. ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಇದ್ದಾಗ ದೂರ ಕೂರಬೇಕಾಗುತ್ತೆ, ಅದಕ್ಕೆ 85 ಎಫ್/1.8 ಒಮ್ಮೆ ಬಾಡಿಗೆಗೆ ತಂದು ನೋಡ್ತೀನಿ. ಉಳಿದ ದುಡ್ಡು ಇದ್ದಲ್ಲೇ ಇರಲಿ.

ಎರಡುಕಾರ್ಡ್
ಮೊಣಕೈ ಕಂಡಿತಲ್ಲ, ಅಷ್ಟು ಸಾಕು. ಮುಂದಿನ ಸಲ ಅವಳ ಎಡಗಡೆಗೆ ಕೂತ್ಕೊಳ್ಳಿ ಸರ್, ಸರಿ ಹೋಗಿದ್ಯಾ ಅಂತ ಅವಳಿಗೇ ಕಾಣಲಿ.

ಹಳೆರೀಲು
ಆ ಫೋಟೋ ಒಂದು ಪ್ರಿಂಟ್ ಹಾಕಸ್ರಿ. ಕಂಪ್ಯೂಟರಿನಾಗ ಬಿಡಬ್ಯಾಡ್ರಿ.

ಹೊಸಬ07
85 ಎಂಎಂ ಬಾಡಿಗೆಗೆ ತಂದಾಗ ಹೇಗಿತ್ತು ಅಂತ ಇಲ್ಲೇ ಬರೀತೀರಾ ಸರ್? ನನ್ನ ಹತ್ರನೂ ಇದೇ ಕ್ಯಾಮೆರಾ ಇದೆ.